ಸಂತಾನಾಪೇಕ್ಷೆಯೂ ದಂಪತಿಗಳ ದಿನಚರಿಯೂ

ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿದ್ದು, ನೀರು ಬತ್ತಿ ಬಯಲಾಗಿ, ಕೊನೆಗೆ ಕೆಂಪೇಗೌಡ ಬಸ್ ನಿಲ್ದಾಣವಾಗಿ, ಆದರೂ ಸಮೀಪದ ಹಳೆಯ ಚಿತ್ರಮಂದಿರವೊಂದರ ಹೆಸರಿನಿಂದ ‘ಮೆಜೆಸ್ಟಿಕ್’ ಎಂದೇ ನಾಡಿನ ಬಾಯಲ್ಲಿ ನೆಲೆನಿಂತಿರುವ ಸ್ಥಳದಲ್ಲಿ, ಬೆಳಗಿನ ಬಸ್ಸುಗಳಿಂದ ಇಳಿಯುವ ಜನರ ನಡುವೆ, ವೈದ್ಯಕೀಯ ವರದಿಗಳ ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡ ದಂಪತಿಗಳು ಕೆಲವರಾದರೂ ಇದ್ದೇ ಇರುತ್ತಾರೆ. ಕೋಲಾರ, ತುಮಕೂರು, ಹಾಸನದ ಕಡೆಯಿಂದ ಬಂದ ಇವರಲ್ಲಿ ಕೆಲವರು ಕೋಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆಗೆ ಹೋಗತಕ್ಕವರು, ಕೆಲವರು ಮಲ್ಲೇಶ್ವರ, ಬಸವನಗುಡಿಗಳ ಖಾಸಗಿ ಚಿಕಿತ್ಸಾಲಯಗಳಿಗೆ. ಅದೇ ನಿಲ್ದಾಣದಿಂದಲೇ ಇನ್ನು ಕೆಲವರು, ಕೆಲವೊಮ್ಮೆ ಅದೇ ದಂಪತಿಗಳು, ದೊಡ್ಡಬಳ್ಳಾಪುರದ ಮಾರ್ಗವಾಗಿ ಘಾಟಿ ಸುಬ್ರಹ್ಮಣ್ಯಕ್ಕೆ ನಾಗರಕಲ್ಲಿನ ಪ್ರತಿಷ್ಠೆಗೆಂದು ಹೊರಡುತ್ತಾರೆ. ದೈವ ಮತ್ತು ವೈದ್ಯ ಎಂಬ ಈ ಎರಡು ದಾರಿಗಳಲ್ಲಿ ನಮ್ಮವರು ಎಂದೂ ವಿರೋಧವನ್ನು ಕಂಡವರಲ್ಲ. ಅದರಲ್ಲಿ ಆಕ್ಷೇಪಿಸಬೇಕಾದದ್ದೂ ಏನಿಲ್ಲ.

ಆಕ್ಷೇಪಣೆಗೆ ಪಾತ್ರವಾಗಬೇಕಾದ ಮೂರನೆಯ ದಾರಿಯೊಂದುಂಟು. ನಿಲ್ದಾಣದ ಸುತ್ತಲಿನ ಬೀದಿಗಳ ಗೋಡೆ, ವಿದ್ಯುತ್ ಕಂಬ, ಶೌಚಾಲಯದ ಬಾಗಿಲುಗಳನ್ನು ಒಮ್ಮೆ ಗಮನವಿಟ್ಟು ನೋಡಿದರೆ ಹಳದಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಆ ದಾರಿ ಕಣ್ಣಿಗೆ ಬೀಳುತ್ತದೆ: ‘ಗುಪ್ತರೋಗ’, ‘ಧಾತು ದೌರ್ಬಲ್ಯ’, ‘ಸ್ವಪ್ನಸ್ಖಲನ’, ‘ಸಂತಾನಹೀನತೆ’, ‘ಒಂದೇ ಕೋರ್ಸಿನಲ್ಲಿ ಶಾಶ್ವತ ಪರಿಹಾರ’. ಅದರ ಕೆಳಗೆ ಒಂದು ಮೊಬೈಲ್ ಸಂಖ್ಯೆ, ಒಂದು ಲಾಡ್ಜಿನ ಕೋಣೆ, ವಾರದಲ್ಲಿ ಯಾವ ದಿನ ಭೇಟಿ ಎಂಬ ಸೂಚನೆ. ವೈದ್ಯನ ಪದವಿಯಾಗಲಿ ನೋಂದಣಿಯಾಗಲಿ ಕಾಣುವುದು ಅಪರೂಪ. ಮಳೆಗೆ ನೆನೆದು ಹರಿದ ಒಂದರ ಮೇಲೆ ಮತ್ತೊಂದು ಅಂಟುತ್ತ ಹೋಗುವುದನ್ನು ನೋಡಿದರೆ, ಈ ವ್ಯಾಪಾರಕ್ಕೆ ಗಿರಾಕಿಗಳ ಕೊರತೆಯಿಲ್ಲವೆಂಬುದು ತಾನಾಗಿಯೇ ವೇದ್ಯವಾಗುತ್ತದೆ. ಗೃಹಸ್ಥರು, ಓದುಬರಹ ಬಲ್ಲವರು, ಅಲ್ಲಿಗೆ ಏಕೆ ಹೋಗುತ್ತಾರೆ? ದಾಂಪತ್ಯದ ಅಂತರಂಗದ ಪ್ರಶ್ನೆಯನ್ನು ಮನೆಯಲ್ಲಿ ಕೇಳುವಂತಿಲ್ಲ, ಗೆಳೆಯರಲ್ಲಿ ಕೇಳಿದರೆ ನಗೆಪಾಟಲು, ಆಸ್ಪತ್ರೆಯಲ್ಲಿ ಕೇಳೋಣವೆಂದರೆ ಬಾಗಿಲು ತೆರೆದೇ ಇರುತ್ತದೆ, ಹಿಂದೆ ಸಾಲು ನಿಂತಿರುತ್ತದೆ. ಕೇಳಲಾಗದ ಪ್ರಶ್ನೆಗೆ ಕೇಳದೆಯೇ ಉತ್ತರ ಕೊಡುವವನು ಗೋಡೆಯ ಮೇಲಿನ ಈ ಮನುಷ್ಯನೊಬ್ಬನೆ. ಸಂತಾನಕ್ಕೆ ಸಂಬಂಧಿಸಿದ ಚಿಕಿತ್ಸೆಯಲ್ಲಿ ನಮ್ಮ ಸಮಾಜ ಕಳೆದುಕೊಳ್ಳುತ್ತಿರುವ ಹಣ, ಕಾಲ, ನೆಮ್ಮದಿಗಳ ದೊಡ್ಡದೊಂದು ಪಾಲು ಈ ಮೌನದ ಮೂಲಕವೇ ಸೋರಿಹೋಗುತ್ತಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ಮೌನ ನಮಗೆ ಪರಂಪರಾಗತವಾದುದೆಂದು ಹೇಳಿ ಪಾರಾಗುವಂತೆಯೂ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸಂಸ್ಥಾನವು ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ಇಂಥ ಕಾರ್ಯಕ್ಕೆ ಕೈಹಾಕಿದ್ದು ಪ್ರಪಂಚದಲ್ಲಿ ಅದೇ ಮೊದಲೆಂದು ಗಣಿಸಲಾಗಿದೆ. ಗಂಡ ಹೆಂಡಿರ ಏಕಾಂತದ ವಿಷಯವು ಸಾರ್ವಜನಿಕ ಆರೋಗ್ಯದ ವಿಷಯವೂ ಹೌದೆಂದು ಆ ಕಾಲದ ರಾಜ್ಯಾಡಳಿತ ಒಪ್ಪಿತ್ತು. ಮುಂದೆ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಮುಂತಾದ ಪುಸ್ತಕಗಳನ್ನು ಬರೆದು, ಮದುವೆಯಾಗುವ ಹೆಣ್ಣುಮಕ್ಕಳ ಕೈಗೆ ತಾಯಂದಿರು ಧೈರ್ಯವಾಗಿ ಕೊಡಬಹುದಾದ ಕನ್ನಡವೊಂದನ್ನು ಈ ವಿಷಯಕ್ಕೆ ಒದಗಿಸಿದರು. ‘ಕೊರವಂಜಿ’ಯ ಸಂಪಾದಕರೆಂದು ಜನಕ್ಕೆ ಪ್ರಿಯರಾಗಿದ್ದ ವೈದ್ಯ ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೇಳಬಲ್ಲ ಭಾಷೆ ನಮ್ಮಲ್ಲಿ ಇದೆ. ಅದನ್ನು ಆಡುವ ಅಭ್ಯಾಸ ಮಾತ್ರ ತಪ್ಪಿದೆ.

ಮೊದಲು ಪ್ರಕೃತಿಯ ಕ್ರಮವನ್ನು ಸ್ವಲ್ಪ ನೋಡೋಣ. ಹನ್ನೆರಡು ತಿಂಗಳ ಕಾಲ ಯಾವ ಗರ್ಭನಿರೋಧಕವೂ ಇಲ್ಲದೆ ನಿಯತವಾಗಿ ಕೂಡಿಬಾಳಿದ ಮೇಲೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯಶಾಸ್ತ್ರ ಬಂಜೆತನವೆಂದು ಕರೆಯುತ್ತದೆ. ಜೀವಮಾನದ ಒಂದಲ್ಲ ಒಂದು ಘಟ್ಟದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಈ ಅನುಭವವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ಹೆಣ್ಣಿನ ಅಂಡ ಬಿಡುಗಡೆಯಾದ ಮೇಲೆ ಹೆಚ್ಚೆಂದರೆ ಒಂದು ದಿನ ಬದುಕಿರುತ್ತದೆ. ಗಂಡಿನ ವೀರ್ಯಾಣುಗಳಾದರೋ ಹೆಣ್ಣಿನ ಶರೀರದಲ್ಲಿ ಐದು ದಿನಗಳವರೆಗೂ ಕಾದಿರಬಲ್ಲವು. ಹೀಗಾಗಿ ಅಂಡ ಬಿಡುಗಡೆಯಾಗುವ ದಿನವೂ ಅದರ ಹಿಂದಿನ ಐದು ದಿನಗಳೂ, ಒಟ್ಟು ಆರೇ ದಿನಗಳು, ತಿಂಗಳಲ್ಲಿ ಗರ್ಭ ನಿಲ್ಲುವುದಕ್ಕೆ ಅನುಕೂಲವಾದವು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಈ ಅವಧಿ ಮುಗಿಯುತ್ತದೆ. ಈಗ ನಮ್ಮ ನಗರದ ಸಂಸಾರಗಳನ್ನು ನೆನೆಯಿರಿ. ಗಂಡನಿಗೆ ಹೊರದೇಶದ ಗಡಿಯಾರಕ್ಕೆ ತಕ್ಕ ರಾತ್ರಿ ಪಾಳಿ, ಹೆಂಡತಿಗೆ ಬೆಳಗ್ಗೆ ಏಳಕ್ಕೇ ಹೊರಡುವ ಕಂಪನಿಯ ಬಸ್ಸು. ದೂರಪ್ರಯಾಣದ ಬಸ್ಸು ನಡೆಸುವ ಚಾಲಕನು ಇಂದು ಹುಬ್ಬಳ್ಳಿಯಲ್ಲಿ, ನಾಳೆ ಮಂಗಳೂರಿನಲ್ಲಿ. ಚಾಮರಾಜಪೇಟೆಯ ಹಳೆಯ ವಠಾರದ ಒಂದೂವರೆ ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಓದುವ ಮೈದುನರ ನಡುವೆ ಬದುಕುವ ಹೊಸ ದಂಪತಿಗಳಿಗೆ ಏಕಾಂತವೆಂಬುದೇ ದುರ್ಲಭ. ಆರು ದಿನಗಳ ಆ ಕಿರಿದಾದ ಅವಕಾಶವು ಇಂಥವರಲ್ಲಿ ತಿಂಗಳ ಮೇಲೆ ತಿಂಗಳು ಸುಮ್ಮನೆ ಕಳೆದುಹೋಗುತ್ತದೆ. ಅಷ್ಟರಲ್ಲಿ ಬಂಧುಗಳ ಮದುವೆ ಮುಂಜಿಗಳಲ್ಲಿ ‘ಏನಮ್ಮಾ, ಇನ್ನೂ ವಿಶೇಷ ಇಲ್ವೇ?’ ಎಂಬ ಪ್ರಶ್ನೆ ಎದುರಾಗುತ್ತದೆ. ರಕ್ತಪರೀಕ್ಷೆಗೆ ಮೊದಲು ವೈದ್ಯರು ಕೇಳಬೇಕಾದ, ದಂಪತಿಗಳು ಸಂಕೋಚ ಬಿಟ್ಟು ಹೇಳಬೇಕಾದ ಸಂಗತಿಯೆಂದರೆ ಇವರಿಬ್ಬರೂ ವಾರಕ್ಕೆ ಎಷ್ಟು ರಾತ್ರಿ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರುತ್ತಾರೆಂಬುದು.

ಇದಕ್ಕೆ ಸೇರಿಕೊಂಡಂತೆ ಗಂಡಸರ ಮನಸ್ಸಿನಲ್ಲಿ ಬೇರೂರಿರುವ ಭ್ರಾಂತಿಯೊಂದಿದೆ. ವೀರ್ಯವು ದೇಹದ ಸಾರಸರ್ವಸ್ವ, ಒಂದು ಹನಿ ಹೋದರೂ ಶಕ್ತಿ ಹೋಯಿತು, ಕೂಡಿಟ್ಟಷ್ಟೂ ಬಲ ಹೆಚ್ಚು ಎಂಬ ನಂಬಿಕೆಯಿಂದ, ‘ಧಾತು ಹೋಗುತ್ತಿದೆ’ಯೆಂದು ಕಂಗಾಲಾಗಿ, ನಿಶ್ಶಕ್ತಿ, ತಲೆಸುತ್ತು, ನಿದ್ರಾನಾಶಗಳಿಂದ ಬಳಲುವ ಯುವಕರ ಸ್ಥಿತಿಯನ್ನು ಭಾರತದ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿಯೇ ಗುರುತಿಸಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಗೋಡೆಯ ಮೇಲಿನ ವ್ಯಾಪಾರಕ್ಕೆ ಬಂಡವಾಳ ಈ ಭಯವೇ. ಸಂತಾನವನ್ನು ಬಯಸುವ ಎಷ್ಟೋ ಮಂದಿ ‘ಸರಿಯಾದ ದಿನ’ಕ್ಕೆಂದು ಹತ್ತು ಹದಿನೈದು ದಿನ ಬ್ರಹ್ಮಚರ್ಯದಲ್ಲಿರುವುದು ಇದರಿಂದಲೇ. ವಾಸ್ತವವು ಇದಕ್ಕೆ ವಿಪರೀತವಾಗಿದೆ. ವೀರ್ಯಾಣುಗಳು ಎಡೆಬಿಡದೆ ಹುಟ್ಟುತ್ತಲೇ ಇರುತ್ತವೆ. ಬಹು ದಿನ ಒಳಗೇ ನಿಂತವು ಸಂಖ್ಯೆಯಲ್ಲಿ ಹೆಚ್ಚಿದರೂ ಹಳತಾಗಿ ಚಲನೆ ಕುಂದುತ್ತದೆ, ಅವುಗಳೊಳಗಿನ ವಂಶತಂತುವಿಗೂ ಹಾನಿ ತಟ್ಟುತ್ತದೆ. ಆ ಆರು ದಿನಗಳಲ್ಲಿ ದಿನವೂ ಅಥವಾ ದಿನ ಬಿಟ್ಟು ದಿನ ಕೂಡುವ ದಂಪತಿಗಳಿಗೇ ಗರ್ಭ ನಿಲ್ಲುವ ಸಂಭವ ಅಧಿಕ. ವೀರ್ಯಪರೀಕ್ಷೆಗೆ ಮುಂಚೆ ಕೂಡ ಎರಡರಿಂದ ಏಳು ದಿನಗಳ ವಿರಾಮವಷ್ಟೇ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಕೂಡಿದ ಮೇಲೆ ಹೆಣ್ಣು ಕಾಲುಗಳನ್ನು ಗೋಡೆಗೆತ್ತಿ ಗಂಟೆಗಟ್ಟಲೆ ಮಲಗಬೇಕು ಎಂಬುದಕ್ಕಾಗಲಿ, ಇಂಥದೇ ಭಂಗಿ ಬೇಕೆಂಬುದಕ್ಕಾಗಲಿ ಆಧಾರ ಯಾವುದೂ ಇಲ್ಲ. ಅಂಗಡಿಯಲ್ಲಿ ದೊರೆಯುವ ಕೆಲವು ಜೆಲ್ಲಿಗಳು ಮಾತ್ರ ವೀರ್ಯಾಣುಗಳ ಚಲನೆಯನ್ನು ಕುಗ್ಗಿಸುತ್ತವೆಂಬುದನ್ನು ನೆನಪಿಡಬೇಕು.

ಗಂಡಿನ ದಿನಚರಿಯ ಬಗ್ಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಏಕೆಂದರೆ ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಕಾರಣದಲ್ಲಿ ಸೇರಿರುತ್ತದೆ, ಆದರೂ ಹೆಣ್ಣಿಗೆ ಹತ್ತಾರು ಪರೀಕ್ಷೆಗಳಾಗಿ, ನಾಳಗಳಿಗೆ ಬಣ್ಣ ಹಾಯಿಸಿ ಎಕ್ಸ್-ರೇ ತೆಗೆದು, ಹೊಟ್ಟೆಗೆ ದುರ್ಬೀನು ಹಾಕಿ ನೋಡಿದ ಮೇಲೆ, ನರ್ಸಮ್ಮ ಮೆಲ್ಲಗೆ ‘ಯಜಮಾನ್ರು ಒಂದ್ಸಲ ಟೆಸ್ಟ್ ಮಾಡಿಸ್ಕೊಂಡಿದಾರೇನಮ್ಮ?’ ಎಂದು ಕೇಳುವುದು ಈಗಲೂ ನಡೆದೇ ಇದೆ. ವೃಷಣಗಳನ್ನು ಪ್ರಕೃತಿಯು ದೇಹದ ಹೊರಗೆ ತೂಗಬಿಟ್ಟಿರುವುದು ಅವುಗಳ ಕೆಲಸಕ್ಕೆ ಒಳಗಿನ ಉಷ್ಣತೆಗಿಂತ ಎರಡು ಮೂರು ಡಿಗ್ರಿ ಕಡಿಮೆ ಬೇಕೆಂಬ ಕಾರಣದಿಂದ. ಎಂಜಿನ್ನಿನ ಬಿಸಿಯ ಪಕ್ಕದಲ್ಲಿ ಎಂಟು ಹತ್ತು ಗಂಟೆ ಒಂದೇ ಸೀಟಿನಲ್ಲಿ ಕೂರುವ ಚಾಲಕರು, ಗಾಂಧಿನಗರದ ಹೋಟೆಲುಗಳ ಭಟ್ಟಿಯ ಮುಂದೆ ಮುಂಜಾವದಿಂದ ದೋಸೆ ಹುಯ್ಯುವ ಅಡುಗೆಯವರು, ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟು ದುಡಿಯುವವರು, ಇವರೆಲ್ಲರಿಗೂ ಈ ಶಾಖದ ಪ್ರಶ್ನೆ ಅನ್ವಯಿಸುತ್ತದೆ. ಕಸುಬನ್ನು ಬಿಡೆಂದು ಹೇಳುವ ವೈದ್ಯನು ವಿವೇಕಿಯಲ್ಲ. ನಡುನಡುವೆ ಎದ್ದು ಓಡಾಡುವುದು, ಬಿಗಿಯಾದ ಉಡುಪನ್ನು ಬಿಡುವುದು, ಸ್ನಾನಕ್ಕೆ ತೀರ ಸುಡುವ ನೀರನ್ನು ಬಳಸದಿರುವುದು, ಇಷ್ಟನ್ನು ಮಾಡಬಹುದು. ಬೀಡಿ, ಸಿಗರೇಟು, ಗುಟ್ಕಾಗಳ ವಿಷಯದಲ್ಲಿ ಇಂಥ ರಿಯಾಯಿತಿಗೆ ಅವಕಾಶವೇ ಇಲ್ಲ. ತಂಬಾಕು ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮೂರನ್ನೂ ಕೆಡಿಸುತ್ತದೆ. ಸೇದುವ ಹೆಣ್ಣಿಗೆ ಮುಟ್ಟು ನಿಲ್ಲುವ ವಯಸ್ಸೇ ಒಂದರಿಂದ ನಾಲ್ಕು ವರ್ಷ ಹಿಂದಕ್ಕೆ ಬರುತ್ತದೆ, ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಫಲ ದೊರೆಯಲು ಹೆಚ್ಚು ಆವರ್ತಗಳು ಬೇಕಾಗುತ್ತವೆ. ಗಂಡ ಮನೆಯೊಳಗೆ ಬಿಟ್ಟ ಹೊಗೆ ಹೆಂಡತಿಗೂ ಕೇಡೇ. ಮಿತಿಮೀರಿದ ಮದ್ಯಪಾನದ ಪರಿಣಾಮವೂ ಇದೇ ಜಾತಿಯದು. ಇತ್ತೀಚೆಗೆ ಸೇರಿಕೊಂಡಿರುವ ಅಪಾಯವೊಂದು ಜಿಮ್ಮುಗಳಲ್ಲಿ ಮೈಕಟ್ಟಿಗೆಂದು ಹಾಕಿಸಿಕೊಳ್ಳುವ ಹಾರ್ಮೋನು ಚುಚ್ಚುಮದ್ದು. ಹೊರಗಿನಿಂದ ಪುರುಷ ಹಾರ್ಮೋನು ಬಂದೊಡನೆ ದೇಹವು ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪತ್ತಿ ಪೂರ್ತಿಯಾಗಿ ಅಡಗಿಹೋಗುವುದೂ ಉಂಟು. ತೋಳು ತುಂಬಿಕೊಂಡ ತರುಣನು ‘ಶೂನ್ಯ’ವೆಂಬ ವರದಿಯನ್ನು ಕೈಯಲ್ಲಿ ಹಿಡಿದು ಬೆಪ್ಪಾಗುತ್ತಾನೆ. ಬಹುಪಾಲು ಮಂದಿಯಲ್ಲಿ ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಅದು ಮರಳುತ್ತದೆ.

ಈ ಎಲ್ಲದರಲ್ಲಿಯೂ ಆಶಾದಾಯಕವಾದ ಲೆಕ್ಕವೊಂದಿದೆ. ಒಂದು ವೀರ್ಯಾಣು ಹುಟ್ಟಿ ಬಲಿಯುವುದಕ್ಕೆ ಸುಮಾರು 74 ದಿನ, ಹೊರಬರುವ ಹಾದಿಯಲ್ಲಿ ಇನ್ನೊಂದಿಷ್ಟು ದಿನ, ಒಟ್ಟಿನಲ್ಲಿ ಮೂರು ತಿಂಗಳೆನ್ನಬಹುದು. ಭತ್ತದ ಬೆಳೆಯಂತೆ ಇದಕ್ಕೂ ತನ್ನದೇ ಆದ ಅವಧಿಯಿದೆ. ಯುಗಾದಿಯಂದು ಗುಟ್ಕಾ ಬಿಟ್ಟವನು ಆಷಾಢದವರೆಗೆ ಕಾಯಬೇಕು, ಕಾದರೆ ಹೊಸ ಬೆಳೆ ಹೊಸ ನೆಲದ ಮೇಲೆಯೇ ಬರುತ್ತದೆ. ಹದಿನೈದು ದಿನ ಬಿಟ್ಟು ನೋಡಿ ‘ಏನೂ ಪ್ರಯೋಜನವಾಗಲಿಲ್ಲ’ವೆಂದು ಹಳೆಯ ಚಾಳಿಗೆ ಮರಳುವವರು ಈ ಮೂರು ತಿಂಗಳ ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು.

ಹೆಣ್ಣಿನ ಪಕ್ಷದಲ್ಲಿ ವಯಸ್ಸೇ ಎಲ್ಲಕ್ಕಿಂತ ದೊಡ್ಡ ಅಂಶ. ಮೂವತ್ತೈದರ ಮೇಲೆ ಅಂಡಗಳ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುವುದರಿಂದ ಅವರು ಒಂದು ವರ್ಷ ಕಾಯದೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಪಿಸಿಓಎಸ್ ಎಂದು ಈಗ ಮನೆಮಾತಾಗಿರುವ ಅಂಡಾಶಯದ ತೊಂದರೆಯಲ್ಲಿ, ತೂಕ ಅಧಿಕವಾಗಿದ್ದವರು ಇರುವ ತೂಕದ ನೂರಕ್ಕೆ ಐದರಿಂದ ಹತ್ತು ಭಾಗವನ್ನು ಇಳಿಸಿದರೂ ಅಂಡ ಬಿಡುಗಡೆ ತಾನಾಗಿ ಕ್ರಮಕ್ಕೆ ಬರುವುದುಂಟು. ತೀರ ಸೊರಗುವುದೂ ಹಾಗೆಯೇ ಮುಟ್ಟನ್ನು ಕೆಡಿಸುತ್ತದೆ. ಫೋಲಿಕ್ ಆಮ್ಲವನ್ನು ದಿನಕ್ಕೆ 400 ಮೈಕ್ರೋಗ್ರಾಂನಂತೆ ಗರ್ಭ ನಿಲ್ಲುವ ಮೊದಲಿನಿಂದಲೇ ತೆಗೆದುಕೊಳ್ಳತಕ್ಕದ್ದು. ಬಸವನಗುಡಿಯವರ ಫಿಲ್ಟರ್ ಕಾಫಿಗೆ ಭಯವಿಲ್ಲ, ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿದರೆ.

ಇನ್ನು ಮನಸ್ಸಿನ ಮಾತು. ‘ನೀನು ಟೆನ್ಷನ್ ಮಾಡ್ಕೋಬೇಡ, ಮಗು ತಾನಾಗೇ ಆಗತ್ತೆ’ ಎಂಬ ಸಮಾಧಾನವನ್ನು ಕೇಳಿ ಕೇಳಿ ನೊಂದ ಹೆಂಗಸರು ಅಸಂಖ್ಯರು. ಏಕೆಂದರೆ ಆಗದಿದ್ದರೆ ಅದಕ್ಕೆ ನಿನ್ನ ಚಿಂತೆಯೇ ಕಾರಣವೆಂಬ ಆರೋಪವೂ ಅದರಲ್ಲಿ ಅಡಗಿದೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದ, ಹದಿನಾಲ್ಕು ಅಧ್ಯಯನಗಳನ್ನೂ ಮೂರುವರೆ ಸಾವಿರಕ್ಕೆ ಮಿಕ್ಕ ಮಹಿಳೆಯರನ್ನೂ ಒಳಗೊಂಡ ಪರಿಶೀಲನೆಯೊಂದು, ಚಿಕಿತ್ಸೆಯ ಒಂದು ಆವರ್ತಕ್ಕೆ ಮುನ್ನ ಇದ್ದ ಮನೋವ್ಯಥೆಯಿಂದ ಆ ಆವರ್ತದ ಫಲಿತಾಂಶ ಬದಲಾಗಲಿಲ್ಲವೆಂದು ತೋರಿಸಿಕೊಟ್ಟಿತು. ಚಿಂತೆ ಗರ್ಭವನ್ನು ತಡೆಯದಿರಬಹುದು, ಆದರೆ ಮನುಷ್ಯರನ್ನು ದಣಿಸುತ್ತದೆ. ದಣಿದವರು ಫಲ ಸಿಗಬಹುದಾಗಿದ್ದ ಚಿಕಿತ್ಸೆಯನ್ನು ನಡುವೆಯೇ ಕೈಬಿಡುತ್ತಾರೆ. ಮನಸ್ಸಿಗೆ ಆಸರೆ ಬೇಕಾಗಿರುವುದು ಈ ಕಾರಣಕ್ಕೆ.

ದಣಿವು ಎಲ್ಲಕ್ಕಿಂತ ಮೊದಲು ತಲಪುವುದು ಶಯ್ಯಾಗೃಹವನ್ನು. ಸ್ಕ್ಯಾನಿಂಗಿನಲ್ಲಿ ಅಂಡದ ಕೋಶ ಬಲಿತಿರುವುದನ್ನು ಕಂಡು ‘ಇವತ್ತು, ನಾಳೆ, ನಾಡಿದ್ದು ಒಟ್ಟಿಗಿರಿ’ ಎಂದು ವೈದ್ಯರು ಹೇಳಿಕಳುಹಿಸುತ್ತಾರೆ. ಅಂದಿನಿಂದ ದಾಂಪತ್ಯದ ಸ್ವಚ್ಛಂದವಾದ ಪ್ರೀತಿಯು ಔಷಧದ ಚೀಟಿಯ ಒಂದು ಸಾಲಾಗಿಬಿಡುತ್ತದೆ. ಎರಡು ಮೂರು ತಿಂಗಳು ಹೀಗೆ ನಡೆದರೆ, ಆವರೆಗೆ ಯಾವ ತೊಂದರೆಯೂ ಇಲ್ಲದಿದ್ದ ಗಂಡನಿಗೆ ಅದೇ ದಿನ, ಅದೇ ರಾತ್ರಿ ದೇಹ ಸಹಕರಿಸದೆ ಹೋಗುತ್ತದೆ; ಅವನು ನಾಚಿ ತಡವಾಗಿ ಮನೆಗೆ ಬರತೊಡಗುತ್ತಾನೆ, ಅವಳು ಅದನ್ನು ಅನಾದರವೆಂದು ಬಗೆಯುತ್ತಾಳೆ. ಇನ್ನು ಕೆಲವು ಮನೆಗಳಲ್ಲಿ, ಮದುವೆಯಾಗಿ ವರ್ಷಗಳಾದರೂ ಹೆಣ್ಣಿನ ನೋವು, ಭಯ, ಅಂಗದ ಬಿಗಿತಗಳಿಂದ ಸಂಗಮವೇ ಪೂರ್ಣವಾಗಿರುವುದಿಲ್ಲ. ಅದನ್ನು ಯಾರಲ್ಲಿಯೂ ಹೇಳಲಾರದೆ ಅವರು ಸಂತಾನದ ಚಿಕಿತ್ಸೆಗೇ ನೇರವಾಗಿ ಬರುತ್ತಾರೆ. ಈ ಎರಡೂ ಗುಣಪಡಿಸಬಹುದಾದ ಸ್ಥಿತಿಗಳು. ಆಪ್ತಸಲಹೆ, ಕ್ರಮವಾದ ಅಭ್ಯಾಸ, ಅಗತ್ಯವಾದಲ್ಲಿ ಮಾತ್ರೆಗಳಿಂದ ಎಷ್ಟೋ ಜನ ಸುಧಾರಿಸಿಕೊಂಡಿದ್ದಾರೆ. ತಿಂಗಳ ಉಳಿದ ದಿನಗಳಲ್ಲಿ ಯಾವ ಲೆಕ್ಕವೂ ಇಲ್ಲದೆ ಕೂಡುವುದು, ಗುರುತಿಟ್ಟ ದಿನದ ಒತ್ತಡವನ್ನು ಆರು ದಿನಗಳಿಗೆ ಹಂಚುವುದು, ಒಂದು ತಿಂಗಳು ಚಿಕಿತ್ಸೆಗೇ ವಿರಾಮ ಕೊಟ್ಟು ಇಬ್ಬರೂ ಎಲ್ಲಿಗಾದರೂ ಹೋಗಿಬರುವುದು, ಇವನ್ನು ವೈದ್ಯರ ಬಾಯಿಂದಲೇ ಕೇಳಿದಾಗ ದಂಪತಿಗಳ ಮುಖದಲ್ಲಿ ಕಾಣುವ ನಿರಾಳ ಸಾಮಾನ್ಯವಾದುದಲ್ಲ.

ಪ್ರನಾಳ ಶಿಶುವಿನ ಚಿಕಿತ್ಸೆಗೆ ಬಂದರೆ ಬೆಂಗಳೂರಿಗೆ ಅದರ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಶಿಶು ಹುಟ್ಟಿದ ಎರಡೂ ಚಿಲ್ಲರೆ ತಿಂಗಳಿಗೆ, ಅಕ್ಟೋಬರ್ 3ರಂದು, ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ‘ದುರ್ಗಾ’ ಎಂಬ ಹೆಣ್ಣುಮಗು ಹುಟ್ಟಿತು; ಅಧಿಕಾರಿವರ್ಗ ಅವರನ್ನು ನಂಬಲಿಲ್ಲ, ಅವಮಾನಿಸಿತು, 1981ರಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಸೇರಿ ಹರ್ಷಾ ಎಂಬ ಶಿಶುವಿನ ಜನ್ಮಕ್ಕೆ ಕಾರಣರಾಗಿ, ಭಾರತದ ಮೊದಲಿಗರೆಂಬ ಕೀರ್ತಿಯನ್ನು ಪಡೆದಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರು, ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಇಲ್ಲಿಯೇ ಸಂತಾನ ಚಿಕಿತ್ಸಾಲಯವನ್ನು ನಡೆಸಿದರು. 1997ರಲ್ಲಿ ಮುಖರ್ಜಿಯವರ ಕಾಗದಪತ್ರಗಳನ್ನು ಓದಿ, ಮೊದಲಿಗನೆಂಬ ಕೀರ್ತಿ ಸಲ್ಲಬೇಕಾದದ್ದು ತಮಗಲ್ಲ, ಅವರಿಗೆ ಎಂದು ಬಹಿರಂಗವಾಗಿ ಸಾರಿದವರು ಇವರೇ. ವಿಜ್ಞಾನದಲ್ಲಿ ಇಂಥ ಸತ್ಯನಿಷ್ಠೆ ವಿರಳ.

ಈ ಚಿಕಿತ್ಸೆಯಲ್ಲಿ ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ಮೇಲೆ ಹೆಣ್ಣನ್ನು ಹಾಸಿಗೆಗೆ ಕಟ್ಟಿಹಾಕುವ ಪದ್ಧತಿ ನಮ್ಮ ಮನೆಗಳಲ್ಲಿ ಬೆಳೆದಿದೆ. ಮೆಟ್ಟಿಲು ಹತ್ತಬೇಡ, ಸ್ನಾನ ಬೇಡ, ಗಂಡ ಬೇರೆ ಕೋಣೆಯಲ್ಲಿ ಮಲಗಲಿ. ಹೀಗೆ ಮಲಗಿರುವುದರಿಂದ ಗರ್ಭ ನಿಲ್ಲುವ ಸಂಭವ ಹೆಚ್ಚುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ದಂಪತಿಗಳ ಸಾಮೀಪ್ಯದ ವಿಷಯದಲ್ಲಿ, ಆಸ್ಟ್ರೇಲಿಯಾ ಮತ್ತು ಸ್ಪೇನ್ ದೇಶಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಭ್ರೂಣವಿರಿಸುವ ದಿನಗಳ ಆಸುಪಾಸಿನಲ್ಲಿ ಕೂಡಿದವರಿಗೆ ಕೇಡೇನೂ ಆಗಲಿಲ್ಲ; ಆರೆಂಟು ವಾರಗಳವರೆಗೆ ಉಳಿದುಬಂದ ಭ್ರೂಣಗಳ ಪ್ರಮಾಣವು ಅವರಲ್ಲಿಯೇ ತುಸು ಹೆಚ್ಚಾಗಿತ್ತು. ಆದರೂ ಅಂಡಾಶಯ ಚುಚ್ಚುಮದ್ದಿನಿಂದ ಉಬ್ಬಿರುವಾಗ, ರಕ್ತ ಕಾಣಿಸಿಕೊಂಡಾಗ, ಸೋಂಕಿನ ಶಂಕೆಯಿರುವಾಗ ವೈದ್ಯರು ನಿಷೇಧಿಸಿದರೆ ಅದನ್ನು ಪಾಲಿಸಲೇಬೇಕು. ನಿಷೇಧವಿಲ್ಲದ ಕಡೆ, ಪಕ್ಕದಲ್ಲಿ ಕುಳಿತು ಕೈ ಹಿಡಿಯುವುದಕ್ಕೂ ಹೆದರುವಂಥ ಭೀತಿಯನ್ನು ಯಾರೂ ಅವರ ಮೇಲೆ ಹೇರಬಾರದು.

ಇಷ್ಟೆಲ್ಲ ಹೇಳಿದ ಮೇಲೂ, ದಿನಚರಿಯನ್ನು ತಿದ್ದಿಕೊಂಡ ಮಾತ್ರಕ್ಕೆ ಎಲ್ಲರ ಮಡಿಲೂ ತುಂಬೀತೆಂದು ಹೇಳಿದರೆ ಅದು ಗೋಡೆಯ ಮೇಲಿನ ಕಾಗದದಷ್ಟೇ ಸುಳ್ಳು. ನಮ್ಮ ದೇಶದಲ್ಲಿ ಕ್ಷಯರೋಗವು ಹೆಣ್ಣಿನ ಗರ್ಭನಾಳಗಳನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತದೆ. ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯಾಸಿಸ್ ಇದೆ, ಹುಟ್ಟಿನಿಂದ ಬಂದ ಊನಗಳಿವೆ, ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದು ಕಾರಣವೇ ತಿಳಿಯದೆ ಉಳಿಯುವವರಿದ್ದಾರೆ. ಇಂಥವರ ಮುಂದೆ ಜೀವನಶೈಲಿಯ ಉಪದೇಶ ಮಾಡುತ್ತ ಕಾಲ ಕಳೆಯುವುದು ಅಪರಾಧ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯಿದೆಯು ಚಿಕಿತ್ಸೆಗೆ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷಗಳ ಮಿತಿಯನ್ನಿಟ್ಟಿದೆ, ಚಿಕಿತ್ಸಾಲಯಗಳ ನೋಂದಣಿಯನ್ನು ಕಡ್ಡಾಯ ಮಾಡಿದೆ. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ಎಲ್ಲ ಪರಿಣಾಮಗಳನ್ನೂ ಯಶಸ್ಸಿನ ಸಂಭವವನ್ನೂ ಕುರಿತು ದಂಪತಿಗಳಿಗೆ ಕ್ರಮಬದ್ಧವಾದ ಆಪ್ತಸಲಹೆಯನ್ನು ಕೊಡತಕ್ಕದ್ದೆಂದು ವಿಧಿಸಿದೆ. ಆದುದರಿಂದ ಮೊದಲ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗಲಿ, ಕಡತದೊಡನೆ ಗಂಡನ ವೀರ್ಯಪರೀಕ್ಷೆಯ ವರದಿಯೂ ಇರಲಿ. ನೋಂದಣಿ ಪತ್ರವನ್ನು ನೋಡಲು ಕೇಳಲಿ, ಮಲಗುವ ಕೋಣೆಯಲ್ಲಿ ತಮಗಿರುವ ತೊಂದರೆಯನ್ನು ಹೇಳಿಕೊಳ್ಳುವುದಕ್ಕೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಾಲು ಗಂಟೆಯ ಅವಕಾಶವನ್ನು ಕೇಳಲಿ. ಹಾಗೆ ಕೇಳುವುದು ಅವರ ಹಕ್ಕು, ಕೊಡಲೊಪ್ಪದ ಚಿಕಿತ್ಸಾಲಯವನ್ನು ಬಿಟ್ಟು ಬೇರೊಂದಕ್ಕೆ ಹೋಗುವುದೂ ಅಷ್ಟೇ ನ್ಯಾಯವಾದದ್ದು.